ಏಳನೇ ತರಗತಿ ದಾಟಿದ ಹುಡುಗಿಯರ ಅಪ್ಪ ಅಮ್ಮಂದಿರಿಗೆ

ಮಾಸ್ತಿಕಟ್ಟೆ
ಮೇ ತಿಂಗಳ ಕೊನೆಯ ವಾರ

ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹೈಸ್ಕೂಲು ಓದುವ ಹೆಣ್ಣುಮಕ್ಕಳಿರುವ ಎಲ್ಲ ಅಪ್ಪ ಅಮ್ಮಂದಿರಿಗೆ,

ಇನ್ನು ಕೆಲವೇ ದಿನಕ್ಕೆ ಶಾಲೆ ಶುರುವಾಗುತ್ತದೆ. ಯೂನಿಫಾರ್ಮ್ ಹೊಲಿಸುವುದು, ಕೊಡೆ ರಿಪೇರಿ, ಹೊಸ ರೇನ್‌ಕೋಟು, ನೋಟ್‌ಪುಸ್ತಕಕ್ಕೆ ಬೈಂಡು ಹಾಕುವುದು ಎಂದು ನಿಮ್ಮ ಮನೆಗಳಲ್ಲಿ ಗಡಿಬಿಡಿ ಇರುತ್ತದೆ. ಅದರ ನಡುವೆಯೇ ಒಂದು ಮಾತು ನಿಮ್ಮ ಕಿವಿಗೆ ಹಾಕಬೇಕು. ನಿಮ್ಮ ಮಗಳಿಗೆ ಚೆಂಡು ಒದೆಯುವ ಆಸೆ ಇದ್ದರೆ, ಎಂಟನೇ ತರಗತಿಗೆ ಬಂದಳು, ದೊಡ್ಡವಳಾದಳು ಎಂದು ಅವಳನ್ನು ಮೈದಾನದಿಂದ ಎಬ್ಬಿಸಿ ಮನೆಗೆ ಕರೆಯಬೇಡಿ. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಆಡಲು ಬಿಡಿ. ನಾನು ಮುಖ್ಯವಾಗಿ ಕೇಳುವುದು ಇದನ್ನೇ. ಯಾಕೆ ಕೇಳುತ್ತಿದ್ದೇನೆ ಎಂಬುದನ್ನು ಹೇಳುವುದಕ್ಕೆ ಮಾತ್ರ ಸ್ವಲ್ಪ ದೂರ ಹೋಗಿ ಬರಬೇಕು. ದಯವಿಟ್ಟು ಪೂರ್ತಿ ಓದಿ.

ನಾನು ಈ ಭಾಗದ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಆಟ ನನ್ನ ವಿಷಯವಲ್ಲ. ಆದರೆ ಟೀಚರುಗಳ ಕೋಣೆಯ ಕಿಟಕಿ ಮೈದಾನದ ಕಡೆಗೇ ಇದ್ದದ್ದರಿಂದ ನೋಡಿದ್ದು ಬಹಳ. ಬೆಳಗಿನ ಬಸ್ಸಿನಿಂದ ಇಳಿದ ಮಕ್ಕಳಿಗೆ ಪ್ರಾರ್ಥನೆಯ ಬೆಲ್ಲಿಗೆ ಮುಂಚೆ ಒಂದಿಷ್ಟು ಹೊತ್ತು ಸಿಗುತ್ತಿತ್ತು. ಚಪ್ಪಲಿ ಕಳಚಿ, ಬ್ಯಾಗುಗಳನ್ನೇ ಗೋಲಿನ ಕಂಬ ಮಾಡಿಕೊಂಡು, ಹುಡುಗರು ಹುಡುಗಿಯರು ಒಟ್ಟಿಗೇ ಆಡುತ್ತಿದ್ದರು. ಮಳೆಗಾಲದಲ್ಲಿ ಚೆಂಡು ನೀರು ಕುಡಿದು ಭಾರವಾಗುತ್ತಿತ್ತು. ಸಂಜೆ ಅದನ್ನು ಬಿಸಿಯೂಟದ ಅಡುಗೆಕೋಣೆಯ ಮೂಲೆಯಲ್ಲಿ ಒಣಗಲು ಇಡುತ್ತಿದ್ದರು. ಅಡುಗೆಯ ಅಕ್ಕ ಬೈಯುತ್ತಲೇ ಜಾಗ ಮಾಡಿಕೊಡುತ್ತಿದ್ದರು.

ಆ ಗುಂಪಿನಲ್ಲಿ ಒಬ್ಬಳು ಎಡಗಾಲಿನ ಹುಡುಗಿ ಇದ್ದಳು. ಚೆಂಡು ತನ್ನ ಹತ್ತಿರ ಬರುವ ಮುಂಚೆಯೇ ತಲೆಯೆತ್ತಿ ಯಾರು ಎಲ್ಲಿ ನಿಂತಿದ್ದಾರೆ ಎಂದು ನೋಡಿಕೊಳ್ಳುತ್ತಿದ್ದಳು. ಚೆಂಡು ಕಾಲಿಗೆ ಸಿಕ್ಕ ಮೇಲೆ ಕೆಳಗೆ ನೋಡುತ್ತಲೇ ಇರಲಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಂಟನೇ ತರಗತಿಯ ದಸರಾ ರಜೆ ಮುಗಿಸಿ ಬಂದವಳು ಮೈದಾನದ ಅಂಚಿನ ಕಟ್ಟೆಯ ಮೇಲೆ ಉಳಿದವರ ಬ್ಯಾಗು ಕಾಯುತ್ತ ಕೂತಳು. ಕರೆದು ಕೇಳಿದರೆ, ‘ಮನೇಲಿ ಬೇಡ ಅಂದ್ರು ಟೀಚರ್’ ಅಂದಳು. ಅವಳೊಬ್ಬಳೇ ಅಲ್ಲ. ವರ್ಷ ವರ್ಷವೂ ದಸರಾ ಹೊತ್ತಿಗೆ ಆ ಕಟ್ಟೆಯ ಮೇಲೆ ಕೂರುವ ಹುಡುಗಿಯರು ಹೆಚ್ಚಾಗುತ್ತಿದ್ದರು, ಮೈದಾನದಲ್ಲಿ ಓಡುವವರು ಕಡಿಮೆಯಾಗುತ್ತಿದ್ದರು. ಅವರ ಅಪ್ಪ ಅಮ್ಮಂದಿರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಮಗಳ ಮೇಲಿನ ಕಾಳಜಿಯಿಂದಲೇ ಬೇಡ ಅಂದಿದ್ದರು. ಆ ಕಾಳಜಿಯ ಜೊತೆಗೇ ನನಗೆ ಮಾತಾಡಬೇಕಿದೆ.

ಪೋಷಕರ ಸಭೆಗಳಲ್ಲಿ ನಾನು ಹೆಚ್ಚು ಕೇಳಿದ ಮಾತು ಇದು: ‘ನಮ್ಮಂಥ ಮೂಲೆಯ ಊರಿನಿಂದ ಯಾರು ಫುಟ್‌ಬಾಲ್ ಆಡಿ ಎಲ್ಲಿಗೆ ಹೋಗ್ತಾರೆ ಟೀಚರ್? ಅದೂ ಹೆಣ್ಣುಮಕ್ಕಳು, ಅದೂ ಈ ಮಳೇಲಿ?’ ಊರು ಚಿಕ್ಕದು, ಮಳೆ ಜಾಸ್ತಿ, ಹೆಣ್ಣುಮಗು. ಈ ಮೂರಕ್ಕೂ ಉತ್ತರ ಕೊಡುವ ದೇಶಗಳು ಭೂಮಿಯ ಮೇಲೆ ಇವೆ.

ಐಸ್‌ಲ್ಯಾಂಡ್ ಯುರೋಪಿನ ವಾಯವ್ಯ ಮೂಲೆಯಲ್ಲಿ, ಸಮುದ್ರದ ನಡುವೆ ಇರುವ ದೇಶ. ಅಲ್ಲಿನ ಜನಸಂಖ್ಯೆ ನಾಲ್ಕು ಲಕ್ಷಕ್ಕೂ ಕಡಿಮೆ. ಈ ಪತ್ರವನ್ನು ಯಾವ ಮೂರು ತಾಲ್ಲೂಕಿಗೆ ಬರೆಯುತ್ತಿದ್ದೇನೋ ಅವುಗಳ ಜನರನ್ನು ಒಟ್ಟು ಸೇರಿಸಿದರೆ ಅದಕ್ಕಿಂತ ಹೆಚ್ಚಾಗುತ್ತದೆ. ಆ ದೇಶದ ಹೆಂಗಸರ ತಂಡ ಯುರೋ ಕಪ್ಪಿನಲ್ಲಿ ಮೊದಲು ಆಡಿದ್ದು 2009ರಲ್ಲಿ. ಆಮೇಲೆ 2013, 2017, 2022, 2025, ಒಂದನ್ನೂ ತಪ್ಪಿಸಿಲ್ಲ. ಅಲ್ಲಿನ ಗಂಡಸರ ತಂಡ ಯುರೋ ಕಪ್ಪಿಗೆ ಕಾಲಿಟ್ಟದ್ದು 2016ರಲ್ಲಿ, ಹೆಂಗಸರು ಹೋಗಿಬಂದ ಏಳು ವರ್ಷದ ಮೇಲೆ. 2024ರ ಜುಲೈ 12ರಂದು ರೇಕ್ಯಾವಿಕ್‌ನಲ್ಲಿ ಈ ಹೆಂಗಸರು ಜರ್ಮನಿಯನ್ನು 3–0 ಗೋಲುಗಳಿಂದ ಸೋಲಿಸಿದರು. ಜರ್ಮನಿಯ ಜನಸಂಖ್ಯೆ ಎಂಟು ಕೋಟಿಗೂ ಮೇಲೆ. ಮಹಿಳಾ ವಿಶ್ವಕಪ್ಪನ್ನು ಎರಡು ಸಲ ಗೆದ್ದ ದೇಶ ಅದು.

ಆ ತಂಡಕ್ಕೆ ಹಿಂದೆ ನಾಯಕಿಯಾಗಿದ್ದವಳು ಸಾರಾ ಬ್ಯೋರ್ಕ್ ಗುನ್ನಾರ್ಸ್‌ಡೊಟ್ಟಿರ್. ದೇಶದ ಪರ ಮೊದಲ ಪಂದ್ಯ ಆಡಿದಾಗ ಅವಳಿಗೆ ಹದಿನಾರು ವರ್ಷ; ನಮ್ಮ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವ ವಯಸ್ಸು. ಒಟ್ಟು 145 ಪಂದ್ಯ ಆಡಿದಳು. 2020ರಲ್ಲಿ ಫ್ರಾನ್ಸಿನ ಲಿಯಾನ್ ಕ್ಲಬ್ಬಿಗೆ ಆಡುತ್ತ ಯುರೋಪಿನ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಗೋಲು ಹೊಡೆದಳು. ಮುಂದೆ ಬಸುರಿಯಾದಾಗ ಕ್ಲಬ್ಬು ಪೂರ್ತಿ ಸಂಬಳ ಕೊಡಲಿಲ್ಲ. ಅವಳು ಜಗತ್ತಿನ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ನ್ಯಾಯಮಂಡಳಿಗೆ ಹೋಗಿ, 2022ರಲ್ಲಿ ಗೆದ್ದು, ಬಾಕಿ ವಸೂಲು ಮಾಡಿದಳು. ಆಟ ಆಡುವ ಹೆಂಗಸಿಗೆ ತಾಯ್ತನದ ಹಕ್ಕು ಇದೆ ಎಂದು ಜಗತ್ತಿನ ದೊಡ್ಡ ಕ್ಲಬ್ಬುಗಳಿಗೆ ತೋರಿಸಿಕೊಟ್ಟದ್ದು ಇಷ್ಟು ಚಿಕ್ಕ ದೇಶದ ಹುಡುಗಿ. ‘ಆಟ ಅಂತ ಹೋದರೆ ಮುಂದೆ ಮದುವೆ, ಮಕ್ಕಳು?’ ಎಂದು ಕೇಳುವ ಅಮ್ಮಂದಿರು ಈ ಸಂಗತಿಯನ್ನು ದಯವಿಟ್ಟು ಗಮನಿಸಬೇಕು.

ಇನ್ನು ಹವೆಯ ಮಾತು. ಐಸ್‌ಲ್ಯಾಂಡಿನಲ್ಲಿ ಚಳಿಗಾಲವೆಂದರೆ ಹಿಮ, ಬಿರುಗಾಳಿ, ದಿನಕ್ಕೆ ನಾಲ್ಕೈದು ಗಂಟೆಯ ಬೆಳಕು. ಮಕ್ಕಳಿಗೆ ವರ್ಷದಲ್ಲಿ ಅರ್ಧ ಕಾಲ ಹೊರಗೆ ಆಡಲಾಗುತ್ತಿರಲಿಲ್ಲ. ಅವರೇನು ಮಾಡಿದರು? ಸೂರು ಕಟ್ಟಿದರು. 2000ದಲ್ಲಿ ಕೆಫ್ಲಾವಿಕ್‌ನಲ್ಲಿ ಪೂರ್ಣ ಅಳತೆಯ ಫುಟ್‌ಬಾಲ್ ಮೈದಾನಕ್ಕೇ ಚಾವಣಿ ಹೊದಿಸಿದರು. ಮುಂದಿನ ವರ್ಷಗಳಲ್ಲಿ ಬೇರೆ ಊರುಗಳಲ್ಲೂ ಅಂಥವು ಎದ್ದವು. ಶಾಲೆಗಳ ಪಕ್ಕದಲ್ಲಿ ನೂರಕ್ಕೂ ಹೆಚ್ಚು ಪುಟ್ಟ ಅಂಕಣಗಳನ್ನು ಹಾಕಿಸಿದರು. ಐದಾರು ವರ್ಷದ ಮಕ್ಕಳಿಗೂ ತರಬೇತಿ ಪಡೆದ ಕೋಚನ್ನೇ ಸಂಬಳ ಕೊಟ್ಟು ಇಟ್ಟರು. ಹುಡುಗರಿಗೆ ಒಬ್ಬ, ಹುಡುಗಿಯರಿಗೆ ಯಾರೋ ಬಿಡುವಾದವರು ಎಂದು ಮಾಡಲಿಲ್ಲ. ಪ್ರತಿ ಜುಲೈನಲ್ಲಿ ಕೋಪವೋಗುರ್ ಎಂಬ ಊರಿನಲ್ಲಿ ಹನ್ನೆರಡರ ಒಳಗಿನ ಹುಡುಗಿಯರದ್ದೇ ಒಂದು ದೊಡ್ಡ ಪಂದ್ಯಾವಳಿ ನಡೆಯುತ್ತದೆ. ಸಾವಿರಾರು ಹುಡುಗಿಯರು ಬರುತ್ತಾರೆ. ಅವರ ಜೊತೆಗೆ ಮನೆಮಂದಿಯೆಲ್ಲ ಬಂದು ಗೆರೆಯ ಪಕ್ಕ ನಿಂತು ಕೂಗುತ್ತಾರೆ. ನನ್ನ ಮಟ್ಟಿಗೆ ಆ ದೇಶದ ಗೆಲುವಿನ ಕಾರಣಗಳಲ್ಲಿ ಚಾವಣಿಗಿಂತಲೂ ದೊಡ್ಡದು ಈ ಗೆರೆಯ ಪಕ್ಕ ನಿಂತ ಅಪ್ಪ ಅಮ್ಮಂದಿರು.

ಈಗ ನಮ್ಮ ಕಡೆ ನೋಡಿ. ಜೂನ್ ಬಂದರೆ ಪತ್ರಿಕೆಯ ಮಳೆ ಲೆಕ್ಕದಲ್ಲಿ ನಮ್ಮದೇ ಹೆಸರುಗಳು: ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೇಹಕ್ಲು. ಒಂದೇ ದಿನದಲ್ಲಿ ಇನ್ನೂರು ಮಿಲಿಮೀಟರ್ ಸುರಿದರೂ ನಮಗೆ ಅದು ಸುದ್ದಿಯಲ್ಲ. ಶಾಲೆಯ ಅಂಗಳ ಕೆಸರಾಗಿ, ಅಂಚಿನ ಹುಲ್ಲಿನಲ್ಲಿ ಉಂಬಳ ಎದ್ದು, ಮಳೆ ರಜೆಗಳು ಬೀಳುವ ಹೊತ್ತಿಗೇ ಸರಿಯಾಗಿ ಶಾಲೆಗಳ ಕ್ರೀಡಾಕೂಟಗಳೂ ಬರುತ್ತವೆ. ಬಯಲುಸೀಮೆಯ ಮಕ್ಕಳು ಒಣ ನೆಲದಲ್ಲಿ ಅಭ್ಯಾಸ ಮಾಡಿ ಬಂದಿರುತ್ತಾರೆ. ನಮ್ಮವರು ಕಾರಿಡಾರಿನಲ್ಲಿ ಸಾಲಾಗಿ ನಿಂತು ಕೈಕಾಲು ಆಡಿಸಿ, ನೇರ ಪಂದ್ಯಕ್ಕೆ ಇಳಿಯುತ್ತಾರೆ. ಸೋತು ಬಂದ ಮಕ್ಕಳಿಗೆ ‘ನಿಮ್ಮಲ್ಲಿ ದಮ್ಮಿಲ್ಲ’ ಎಂದು ಹೇಳುವುದು ಅನ್ಯಾಯ.

ಆದರೆ ಮಳೆಯ ಕೆಳಗೆ ಕೆಲಸ ನಡೆಸುವುದು ನಮಗೆ ಹೊಸತೇ? ಮಳೆ ಹಿಂದೆ ಸರಿಯದ ವರ್ಷಗಳಲ್ಲಿ ಕೊಯ್ದ ಅಡಿಕೆ ಹಾಳಾಗಬಾರದೆಂದು ನಾವು ಅಂಗಳಕ್ಕೆ ಕಬ್ಬಿಣದ ಪೈಪು ನಿಲ್ಲಿಸಿ, ಬೆಳಕು ಬೀಳುವ ಶೀಟು ಹೊದಿಸಿ ಚಪ್ಪರ ಮಾಡಿಕೊಂಡಿದ್ದೇವೆ. ನನ್ನ ಮನೆಯಲ್ಲೂ ಇದೆ, ನಿಮ್ಮಲ್ಲಿ ಹಲವರ ಮನೆಯಲ್ಲೂ ಇದೆ. ಫಸಲಿಗೆ ಸೂರು ಕಟ್ಟುವುದು ಗೊತ್ತಿರುವ ಊರಿಗೆ ಶಾಲೆಯ ಅಂಗಳದ ಒಂದು ಪಾಲಿಗೆ ಸೂರು ಕಟ್ಟುವುದು ಅಸಾಧ್ಯವಲ್ಲ. ಪೂರ್ಣ ಮೈದಾನ ಬೇಡ. ಒಂದು ಕಡೆಗೆ ಐದೈದು ಮಕ್ಕಳು ನಿಂತು ಪಾಸು ಕೊಡುವಷ್ಟು, ಗೋಡೆಗೆ ಚೆಂಡು ಒದ್ದು ವಾಪಸು ತೆಗೆದುಕೊಳ್ಳುವಷ್ಟು ಜಾಗ ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಚೆಂಡಿನ ಮೇಲೆ ಕಾಲು ಕೂರುವುದು ಅಲ್ಲೇ. ಅದೇ ಸೂರಿನಡಿ ಹುಡುಗರೂ ಆಡಲಿ, ಪ್ರಾರ್ಥನೆಯೂ ನಡೆಯಲಿ. ಗ್ರಾಮಸಭೆಯಲ್ಲಿ ರಸ್ತೆ, ಮೋರಿ, ಕಾಲುಸಂಕ ಎಂದು ಕೇಳುವಾಗ ಇದನ್ನೂ ಒಂದು ಬೇಡಿಕೆಯಾಗಿ ಬರೆಸಿ. ಹಳೆಯ ವಿದ್ಯಾರ್ಥಿಗಳು ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾರೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅವರನ್ನು ಕೇಳುವ ನಾವು ಇದಕ್ಕೂ ಕೇಳಬಹುದು.

ಐಸ್‌ಲ್ಯಾಂಡ್ ಶ್ರೀಮಂತ ದೇಶ, ಅವರ ಮಾತು ಬೇರೆ ಎಂದು ನೀವು ಹೇಳಬಹುದು. ಸರಿ. ಹಾಗಿದ್ದರೆ ಅದಕ್ಕಿಂತ ಚಿಕ್ಕದನ್ನು ನೋಡೋಣ. ಫಾರೋ ದ್ವೀಪಗಳಲ್ಲಿ ಸುಮಾರು 54,000 ಜನ. ನಮ್ಮ ಹೊಸನಗರ ತಾಲ್ಲೂಕಿನ ಅರ್ಧದಷ್ಟು. ಹದಿನೆಂಟು ದ್ವೀಪ, ವರ್ಷದ ಬಹುಪಾಲು ದಿನ ಮಳೆ, ಗಾಳಿ. ಅಲ್ಲೂ ಹೆಂಗಸರ ರಾಷ್ಟ್ರೀಯ ತಂಡ ಇದೆ, ಅದು ಯುರೋಪಿನ ದೇಶಗಳ ಜೊತೆ ಆಡುತ್ತದೆ. ದ್ವೀಪದವರ ಹಾಗೆ ನೀರು ದಾಟಿ ಓಡಾಡುವುದು ನಮ್ಮಲ್ಲೂ ಇತ್ತು. ಹಿನ್ನೀರು ದಾಟುವುದು ಏನೆಂದು ಸಾಗರದ ಕಡೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. 2025ರ ಜುಲೈನಲ್ಲಿ ಸೇತುವೆ ಆಗುವ ತನಕ ತುಮರಿ ಕಡೆಯ ಹುಡುಗಿಗೆ ಲಾಂಚಿನ ವೇಳೆಯೇ ಎಲ್ಲದರ ವೇಳೆ. ಸಂಜೆ ಸಾಗರದಲ್ಲಿ ಆಟಕ್ಕೆ ನಿಂತರೆ ಲಾಂಚು ತಪ್ಪುತ್ತಿತ್ತು. ಸೇತುವೆ ಬಂದಿದೆ, ಆ ದಾರಿಯಲ್ಲಿ ಹುಡುಗಿಯರು ಆಟಕ್ಕೂ ಹೋಗಿಬರಲಿ.

ಈ ಚಿಕ್ಕ ದೇಶಗಳು ಗೆದ್ದದ್ದನ್ನಷ್ಟೇ ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಅವು ಸೋಲುತ್ತವೆ, ಕೆಲವು ಸಲ ನೋಡಲಾಗದಷ್ಟು ಸೋಲುತ್ತವೆ. 2021ರ ನವೆಂಬರ್ 30ರಂದು ಇಂಗ್ಲೆಂಡ್ ಲಾಟ್ವಿಯಾಕ್ಕೆ ಇಪ್ಪತ್ತು ಗೋಲು ಹೊಡೆಯಿತು, 20–0. ಐಸ್‌ಲ್ಯಾಂಡ್ ಕೂಡ 2025ರ ಯುರೋ ಕಪ್ಪಿನಲ್ಲಿ ಮೂರೂ ಪಂದ್ಯ ಸೋತು ಮನೆಗೆ ಬಂತು. ಯಾರೂ ತಂಡ ಮುಚ್ಚಲಿಲ್ಲ. ಬದಲಿಗೆ ಯುರೋಪಿನ ಫುಟ್‌ಬಾಲ್ ಸಂಸ್ಥೆ 2023ರಿಂದ ಹೆಂಗಸರಿಗೆ ನೇಷನ್ಸ್ ಲೀಗ್ ಶುರುಮಾಡಿತು. ಬಲವಾದವರು ‘ಎ’ ವಿಭಾಗದಲ್ಲಿ, ನಡುವಿನವರು ‘ಬಿ’, ಚಿಕ್ಕವರು ‘ಸಿ’. ಸರಿಸಮಾನರು ಸರಿಸಮಾನರ ಜೊತೆ, ಒಮ್ಮೆ ತಮ್ಮ ಊರಲ್ಲಿ, ಒಮ್ಮೆ ಅವರ ಊರಲ್ಲಿ ಆಡುತ್ತಾರೆ. ಗೆದ್ದವರು ಮೇಲಿನ ವಿಭಾಗಕ್ಕೆ ಹೋಗುತ್ತಾರೆ. ಐದೂವರೆ ಲಕ್ಷ ಜನರ ಮಾಲ್ಟಾ ಹೀಗೆಯೇ ‘ಸಿ’ಯಿಂದ ‘ಬಿ’ಗೆ ಏರಿತು. ಆ ತಂಡದ ಹೇಲಿ ಬುಜೇಜಾ ಎಂಬ ಹುಡುಗಿ ಹದಿನಾರನೇ ವಯಸ್ಸಿನಲ್ಲೇ ಇಟಲಿಯ ಮೊದಲ ದರ್ಜೆಯ ಲೀಗಿನಲ್ಲಿ ಗೋಲು ಹೊಡೆಯುತ್ತಿದ್ದಳು.

ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಶಾಲಾ ಆಟಗಳು ನಡೆಯುವುದು ಸೋತರೆ ಮುಗಿಯಿತು ಎಂಬ ಪದ್ಧತಿಯಲ್ಲಿ. ಒಂದು ಸಣ್ಣ ಶಾಲೆಯ ಹುಡುಗಿಯರು ಜೀಪಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೋಗುತ್ತಾರೆ. ಎದುರಿಗೆ ವರ್ಷವಿಡೀ ಅಭ್ಯಾಸ ಮಾಡಿದ ದೊಡ್ಡ ವಸತಿಶಾಲೆ. ಅರ್ಧ ದಿನದಲ್ಲಿ ಸೋತು ಜೀಪು ಹತ್ತುತ್ತಾರೆ. ಆ ವರ್ಷದ ಫುಟ್‌ಬಾಲ್ ಅವರಿಗೆ ಅಲ್ಲಿಗೆ ಮುಗಿಯಿತು. ಹತ್ತು ಪಂದ್ಯ ಆಡದ ಹುಡುಗಿ ಹನ್ನೊಂದನೆಯದರಲ್ಲಿ ಚೆನ್ನಾಗಿ ಆಡುವುದು ಹೇಗೆ? ಆದ್ದರಿಂದ ನಮ್ಮ ದೈಹಿಕ ಶಿಕ್ಷಕರ ಮುಂದೆ ನೀವು ಒಂದು ಬೇಡಿಕೆ ಇಡಬೇಕು: ಮಳೆ ನಿಂತ ಮೇಲೆ, ನವೆಂಬರ್‌ನಿಂದ ಫೆಬ್ರವರಿ ತನಕ, ಮಾಸ್ತಿಕಟ್ಟೆ, ಯಡೂರು, ನಗರ, ನಿಟ್ಟೂರು, ಸಂಪೆಕಟ್ಟೆ ಇಂಥ ಅಕ್ಕಪಕ್ಕದ ಊರುಗಳ ಹುಡುಗಿಯರು ಶನಿವಾರ ಮಧ್ಯಾಹ್ನ ಒಬ್ಬರ ಊರಿಗೆ ಒಬ್ಬರು ಹೋಗಿ ಆಡಲಿ. ಅದು ಅಡಿಕೆ ಸುಗ್ಗಿಯ ಕಾಲ, ಮನೆಯಲ್ಲಿ ಕೈ ಸಾಲದು, ನನಗೆ ಗೊತ್ತು. ಎಲ್ಲ ಶನಿವಾರವೂ ಬೇಡ, ಹದಿನೈದು ದಿನಕ್ಕೊಂದು ಸಾಕು. ಅಡಿಕೆ ಸುಲಿಯಲು ಕೂತ ಮಗಳನ್ನು ಆ ಒಂದು ಮಧ್ಯಾಹ್ನ ಬಿಟ್ಟುಕೊಡಿ.

ನಮ್ಮ ದೇಶದ ಹೆಂಗಸರ ತಂಡ ಎಲ್ಲಿದೆ ಎಂದು ಕೇಳುವಿರಿ. 2024ರ ಫೆಬ್ರವರಿಯಲ್ಲಿ ಟರ್ಕಿಯಲ್ಲಿ ನಡೆದ ಪಂದ್ಯಾವಳಿಯಲ್ಲಿ ಭಾರತ ಎಸ್ಟೋನಿಯಾವನ್ನು 4–3ರಿಂದ ಸೋಲಿಸಿತು. ಭಾರತದ ಹೆಂಗಸರ ಹಿರಿಯರ ತಂಡ ಯುರೋಪಿನ ಒಂದು ದೇಶವನ್ನು ಸೋಲಿಸಿದ್ದು ಅದೇ ಮೊದಲು. ಅದೇ ಪಂದ್ಯಾವಳಿಯ ಕೊನೆಯಲ್ಲಿ ಕೊಸೊವೊ ವಿರುದ್ಧ 0–1ರಿಂದ ಸೋತು ಎರಡನೇ ಸ್ಥಾನಕ್ಕೆ ನಿಂತಿತು. ಎಸ್ಟೋನಿಯಾ, ಕೊಸೊವೊ ಎರಡರಲ್ಲಿ ಯಾವುದರ ಜನಸಂಖ್ಯೆಯೂ ನಮ್ಮ ಶಿವಮೊಗ್ಗ ಜಿಲ್ಲೆಯಷ್ಟಿಲ್ಲ. ನೂರನಲವತ್ತು ಕೋಟಿ ಜನರ ದೇಶ ಒಂದು ಜಿಲ್ಲೆಯಷ್ಟೂ ಜನರಿಲ್ಲದ ದೇಶದ ಜೊತೆ ಒಂದು ಗೋಲಿಗಾಗಿ ಹೆಣಗುತ್ತದೆ ಎಂದರೆ, ನಮ್ಮ ಎಷ್ಟೋ ಹುಡುಗಿಯರು ಕಟ್ಟೆಯ ಮೇಲೆ ಬ್ಯಾಗು ಕಾಯುತ್ತಿದ್ದಾರೆ ಎಂದೇ ಅರ್ಥ.

ಹಾಗೆಂದು ಎಲ್ಲವೂ ನಿಂತ ನೀರಲ್ಲ. 2025ರ ಜುಲೈ 5ರಂದು ಭಾರತ ಥಾಯ್ಲೆಂಡನ್ನು ಅವರದೇ ಚಿಯಾಂಗ್ ಮಾಯ್‌ನಲ್ಲಿ 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಿತು. ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್ಫೋರ್ ಹೊಡೆದದ್ದು. ಪಂಜಾಬಿನ ಮನೀಷಾ ಕಲ್ಯಾಣ್ 2022ರಲ್ಲಿ ಸೈಪ್ರಸ್ಸಿನ ಅಪೊಲೊನ್ ಕ್ಲಬ್ಬು ಸೇರಿ ಯುರೋಪಿನ ಚಾಂಪಿಯನ್ಸ್ ಲೀಗಿನಲ್ಲಿ ಆಡಿದ ಮೊದಲ ಭಾರತೀಯಳಾದಳು. ನೋಡಿ, ಅವಳಿಗೆ ಬಾಗಿಲು ತೆರೆದದ್ದೂ ಒಂದು ಚಿಕ್ಕ ದೇಶವೇ. ಮಣಿಪುರದ ಬಾಲಾ ದೇವಿಯನ್ನು 2020ರಲ್ಲಿ ಕರೆದದ್ದು ಸ್ಕಾಟ್ಲೆಂಡಿನ ರೇಂಜರ್ಸ್. ಮಧ್ಯಪ್ರದೇಶದ ಜ್ಯೋತಿ ಚೌಹಾಣ್, ತೆಲಂಗಾಣದ ಸೌಮ್ಯಾ ಗುಗುಲೋತ್ ಹೋದದ್ದು ಕ್ರೊವೇಷಿಯಾಕ್ಕೆ.

ಇವೆಲ್ಲ ದೂರದ ಹೆಸರುಗಳು ಎನಿಸಿದರೆ ಹತ್ತಿರದ್ದು ಒಂದು ಹೇಳುತ್ತೇನೆ. ಕಾಸರಗೋಡು ಜಿಲ್ಲೆಯಲ್ಲಿ ನೀಲೇಶ್ವರದ ಬಳಿ ಬಂಗಳಂ ಎಂಬ ಹಳ್ಳಿ ಇದೆ. ಕರಾವಳಿಯ ಮಳೆ, ಕೆಂಪು ಮಣ್ಣು, ನಮ್ಮ ಘಟ್ಟ ಇಳಿದರೆ ಕಾಣುವಂಥದೇ ಊರು. ಅಲ್ಲಿಯ ಪಿ. ಮಾಳವಿಕಾ ಏಷ್ಯಾ ಕಪ್ಪಿನ ಅರ್ಹತಾ ಸುತ್ತಿಗೆ ಹೋದ ಭಾರತ ತಂಡದಲ್ಲಿದ್ದಳು; ಮಂಗೋಲಿಯಾ ವಿರುದ್ಧ 13–0ರಿಂದ ಗೆದ್ದ ಪಂದ್ಯದಲ್ಲಿ ಒಂದು ಗೋಲು ಅವಳದು. ಆ ಹಳ್ಳಿಯಲ್ಲಿ ಹುಡುಗಿಯರಿಗೆಂದೇ ಫುಟ್‌ಬಾಲ್ ಕಲಿಸುವವರಿದ್ದರು, ಕಳಿಸುವ ಅಮ್ಮಂದಿರಿದ್ದರು. ಅದೇ ಭಾರತ ತಂಡದಲ್ಲಿ ನಮ್ಮ ಕರ್ನಾಟಕದ ಹುಡುಗಿಯ ಹೆಸರು ಹುಡುಕಿ ನನಗೆ ಸಿಗಲಿಲ್ಲ. ನಮ್ಮಲ್ಲಿ ಕ್ಲಬ್ಬು ಇಲ್ಲವೆಂದಲ್ಲ: ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗಿನ ಫೈನಲ್ ಆಡಿದೆ. ಮೇಲಿನ ಮೆಟ್ಟಿಲು ಇದೆ. ಹಳ್ಳಿಯ ಶಾಲೆಯಿಂದ ಅಲ್ಲಿಗೆ ಹತ್ತುವ ಕೆಳಗಿನ ಮೆಟ್ಟಿಲುಗಳು ಇಲ್ಲ. ಕಬಡ್ಡಿಯಲ್ಲಿ ಕಾರ್ಕಳ ಕಡೆಯ ಮಮತಾ ಪೂಜಾರಿ ದೇಶದ ತಂಡದ ನಾಯಕಿಯಾಗಿ ಅರ್ಜುನ ಪ್ರಶಸ್ತಿಯ ತನಕ ಹೋದದ್ದು ಆ ಆಟಕ್ಕೆ ನಮ್ಮ ಊರುಗಳಲ್ಲಿ ದಾರಿ ಇದ್ದದ್ದರಿಂದ.

ಅಪ್ಪ ಅಮ್ಮಂದಿರ ಮಾತು ಬಂದಾಗ ಅಷ್ಟಮ್ ಓರಾಂವ್ ನೆನಪಾಗುತ್ತಾಳೆ. 2022ರಲ್ಲಿ ನಮ್ಮ ದೇಶದಲ್ಲೇ ನಡೆದ ಹದಿನೇಳರ ಒಳಗಿನ ಹುಡುಗಿಯರ ವಿಶ್ವಕಪ್ಪಿನಲ್ಲಿ ಭಾರತ ತಂಡದ ನಾಯಕಿ. ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಹಳ್ಳಿಯವಳು. ಅವಳ ಗೌರವಕ್ಕೆಂದು ಸರ್ಕಾರ ಅವಳ ಮನೆಗೆ ರಸ್ತೆ ಮಾಡಿಸಿತು. ಆ ರಸ್ತೆಯ ಕೆಲಸಕ್ಕೆ ಅವಳ ಅಪ್ಪ ಅಮ್ಮನೇ ದಿನಗೂಲಿಗೆ ಹೋದರು. ತಂಡ ಮೂರೂ ಪಂದ್ಯ ಸೋತಿತು. ಸರ್ಕಾರ ನಾಚಬೇಕಾದ ಸಂಗತಿ ಆ ಕೂಲಿಯಲ್ಲಿದೆ, ನಿಜ. ಆದರೆ ನನಗೆ ಮುಖ್ಯವಾಗಿ ಕಾಣುವುದು ಆ ಅಪ್ಪ ಅಮ್ಮ. ಕೈಯಲ್ಲಿ ಏನೂ ಇಲ್ಲದಿದ್ದರೂ ಮಗಳನ್ನು ಮೈದಾನದಿಂದ ಕರೆಯಲಿಲ್ಲ.

ಈಗ ನಿಮ್ಮ ಭಯಗಳಿಗೆ ಬರುತ್ತೇನೆ. ಅವನ್ನು ಹಗುರವಾಗಿ ತೆಗೆದುಕೊಂಡು ಮಾತಾಡುವವರ ಮೇಲೆ ನನಗೆ ಸಿಟ್ಟಿದೆ.

ಕಾಲಿಗೆ ಪೆಟ್ಟಾದರೆ ಎಂಬುದು ಮೊದಲ ಭಯ. ಅದು ಸುಳ್ಳಲ್ಲ. ಫುಟ್‌ಬಾಲ್ ಆಡುವ ಹುಡುಗಿಯರಿಗೆ ಮೊಣಕಾಲಿನ ಒಳಗಿನ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು. ವಿಜ್ಞಾನದ ಟೀಚರಾಗಿ ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೆ ಉಪಾಯವೂ ಗೊತ್ತಿದೆ. ಆಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಮಾಡುವ ‘ಫಿಫಾ 11+’ ಎಂಬ ವ್ಯಾಯಾಮದ ಕ್ರಮ ಇದೆ: ಓಡುವುದು, ಒಂದೇ ಕಾಲಿನ ಮೇಲೆ ಸಮತೋಲ, ಜಿಗಿದು ಮೊಣಕಾಲು ಒಳಕ್ಕೆ ಬಾಗದಂತೆ ಇಳಿಯುವುದು. ಒಂದು ಚೆಂಡು ಬಿಟ್ಟರೆ ಬೇರೇನೂ ಬೇಡ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ಮೇಲೆಯೇ ಇದನ್ನು ಪ್ರಯೋಗಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದನ್ನು ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾದವು, ದೊಡ್ಡ ಗಾಯಗಳು ಇನ್ನೂ ಹೆಚ್ಚು ಕಡಿಮೆಯಾದವು. ನಿಮ್ಮ ಶಾಲೆಯ ದೈಹಿಕ ಶಿಕ್ಷಕರನ್ನು ಕೇಳಿ, ಇದನ್ನು ಮಾಡಿಸುತ್ತೀರಾ ಎಂದು. ಮಾಡಿಸದಿದ್ದರೆ ಮಾಡಿಸಿ ಎಂದು ಒತ್ತಾಯಿಸಿ. ಮಗಳನ್ನು ಮನೆಯಲ್ಲಿ ಕೂರಿಸುವುದು ಇದಕ್ಕೆ ಪರಿಹಾರವಲ್ಲ.

ಮುಟ್ಟಿನ ದಿನಗಳ ಬಗ್ಗೆ ಅಮ್ಮಂದಿರ ಜೊತೆ ನೇರವಾಗಿ ಮಾತಾಡುತ್ತೇನೆ. ಹುಡುಗಿಗೆ ನೋವಿದ್ದರೆ ಆಡದಿರಲಿ. ಆಡುವ ಮನಸ್ಸಿದ್ದರೆ ಆಡಬಹುದು, ಅದರಿಂದ ಯಾವ ಕೆಡುಕೂ ಇಲ್ಲ. ಶುಚಿ ಯೋಜನೆಯಲ್ಲಿ ಶಾಲೆಗೆ ಪ್ಯಾಡ್ ಬರುತ್ತದೆಯೇ, ಬದಲಾಯಿಸಲು ಚಿಲಕವಿರುವ, ನೀರಿರುವ ಶೌಚಾಲಯ ಇದೆಯೇ ಎಂದು ಹೋಗಿ ನೋಡಿ. ಇದನ್ನು ಅಪ್ಪಂದಿರೂ ಕೇಳಬೇಕು. ಎಷ್ಟೋ ಹುಡುಗಿಯರು ಆಟ ಬಿಟ್ಟದ್ದು ಚಿಲಕವಿಲ್ಲದ ಒಂದು ಬಾಗಿಲಿನಿಂದ. ರಕ್ತ ಕಡಿಮೆ ಇರುವ ಮಕ್ಕಳು ನಮ್ಮಲ್ಲಿ ಬಹಳ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಅವಳು ನುಂಗುತ್ತಾಳೋ ಕಿಟಕಿಯಿಂದ ಎಸೆಯುತ್ತಾಳೋ ವಿಚಾರಿಸಿ. ಅಣ್ಣತಮ್ಮಂದಿರಿಗೆ ಬಡಿಸುವಷ್ಟೇ ಮೊಟ್ಟೆ, ಮೀನು, ಕಾಳು ಅವಳ ತಟ್ಟೆಗೂ ಬೀಳಲಿ.

ಚಡ್ಡಿ ಹಾಕಬೇಕಲ್ಲ ಎನ್ನುತ್ತೀರಿ. ಉದ್ದ ಲೆಗ್ಗಿಂಗ್ಸ್ ಮೇಲೆ ಚಡ್ಡಿ ಹಾಕಿ ಆಡಲಿ. ಹಾಗೆ ಆಡುವವರು ಎಲ್ಲ ಕಡೆ ಇದ್ದಾರೆ. ಕಪ್ಪಾಗುತ್ತಾಳೆ ಎನ್ನುತ್ತೀರಿ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಯಾಕೆಂದರೆ ಅದೊಂದು ತೊಂದರೆಯೆಂದೇ ನಾನು ಒಪ್ಪುವುದಿಲ್ಲ.

ಬಸ್ಸಿನದು ನಿಜವಾದ ಕಷ್ಟ. ಸಂಜೆಯ ಬಸ್ಸು ಹೋದರೆ ಬೇರೆ ಗತಿಯಿಲ್ಲ. ಇಳಿದ ಮೇಲೆ ಕಾಡಿನ ದಾರಿ, ಮೊಬೈಲಿಗೆ ನೆಟ್‌ವರ್ಕ್ ಇಲ್ಲ, ಕಾಡುಕೋಣ ಎದುರಾಗಬಹುದು, ಕುಡಿದವರೂ ಎದುರಾಗಬಹುದು. ಇದನ್ನು ಒಬ್ಬೊಬ್ಬರೇ ಬಗೆಹರಿಸಲಾಗದು. ಒಂದೇ ದಿಕ್ಕಿನ ನಾಲ್ಕೈದು ಮನೆಯವರು ಮಾತಾಡಿಕೊಂಡು ವಾರಕ್ಕೆ ಎರಡು ಸಂಜೆ ಸರದಿಯಂತೆ ಒಬ್ಬರು ಬೈಕೋ ಜೀಪೋ ತೆಗೆದುಕೊಂಡು ಹೋಗಿ ಮಕ್ಕಳನ್ನು ಕರೆತನ್ನಿ. ಹಾಲು ಡೇರಿಗೆ ಹಾಕಲು, ಅಡಿಕೆ ಮಂಡಿಗೆ ಸಾಗಿಸಲು ಒಬ್ಬರಿಗೊಬ್ಬರು ಆಗುವ ನಾವು ಇದಕ್ಕೂ ಆಗಬಹುದು. ಬೆಳಗ್ಗೆ ಬಸ್ಸು ಬೇಗ ಬರುವ ಊರುಗಳಲ್ಲಿ ಪ್ರಾರ್ಥನೆಗೆ ಮುಂಚಿನ ಹೊತ್ತನ್ನೇ ಅಭ್ಯಾಸಕ್ಕೆ ಇಟ್ಟುಕೊಳ್ಳಿ ಎಂದು ಶಾಲೆಯವರನ್ನು ಕೇಳಿ. ಸಂಜೆಯ ಭಯವೇ ಇರುವುದಿಲ್ಲ.

ಓದಿನ ಬಗ್ಗೆ ಒಂದೇ ಮಾತು. ಆಟ ನಿಲ್ಲಿಸಿ ಕಟ್ಟೆಯ ಮೇಲೆ ಕೂತ ಹುಡುಗಿಯರ ಅಂಕ ಅದರಿಂದ ಏರಿದ್ದನ್ನು ನಾನು ನೋಡಿಲ್ಲ.

ಇನ್ನೊಂದು ಸಂಗತಿ ಹೇಳದೆ ಇರಲಾರೆ, ಮರ್ಯಾದೆಯದ್ದು. 2017ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ಹೆಂಗಸರ ರಾಷ್ಟ್ರೀಯ ತಂಡದವರು ಡಬ್ಲಿನ್‌ನಲ್ಲಿ ಪತ್ರಕರ್ತರ ಮುಂದೆ ಸಾಲಾಗಿ ಕೂತು ತಮ್ಮ ಕಷ್ಟ ಹೇಳಿಕೊಂಡರು. ದೇಶದ ಟ್ರ್ಯಾಕ್‌ಸೂಟ್ ಅವರ ಸ್ವಂತದ್ದಲ್ಲ, ಕಿರಿಯರ ತಂಡಗಳ ಜೊತೆ ಹಂಚಿಕೊಳ್ಳಬೇಕಿತ್ತು. ಪ್ರಯಾಣ ಮುಗಿದ ಮೇಲೆ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಬಿಚ್ಚಿ ಹಿಂದೆ ಕೊಡಬೇಕಿತ್ತು. ಹೀಗೆಯೇ ಆದರೆ ಆಡುವುದಿಲ್ಲ ಎಂದರು. ಅವರ ಮಾತು ನಡೆಯಿತು. 2021ರಲ್ಲಿ ಗಂಡಸರಷ್ಟೇ ಪಂದ್ಯದ ಹಣ ಅವರಿಗೂ ಬಂತು. 2022ರ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡನ್ನು ಸೋಲಿಸಿ ಮೊದಲ ಸಲ ವಿಶ್ವಕಪ್ಪಿಗೆ ಹೋದರು. ನಮ್ಮ ಹುಡುಗಿಯರಿಗೆ ಸಿಗುವುದು ಹುಡುಗರು ಹಾಕಿ ಬಿಟ್ಟ, ಮೊಣಕಾಲಿಗೆ ಇಳಿಯುವ ಜೆರ್ಸಿ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಡಿದ ಮಕ್ಕಳನ್ನು ಕಂಡಿದ್ದೇನೆ. ಗಣಪತಿ ಹಬ್ಬಕ್ಕೆ ಚಂದಾ ಎತ್ತುವ ಯುವಕ ಸಂಘಗಳು ಹನ್ನೆರಡು ಹುಡುಗಿಯರಿಗೆ ಅವರ ಅಳತೆಯ ಜೆರ್ಸಿ, ಶಿನ್ ಗಾರ್ಡ್, ಸ್ಟಡ್ಸ್ ಇರುವ ಬೂಟು ಕೊಡಿಸಲಾರವೇ? ಕೆಸರಿನ ನೆಲದಲ್ಲಿ ಬೂಟಿಲ್ಲದೆ ಜಾರಿ ಬೀಳುವ ಹುಡುಗಿಗೆ ಧೈರ್ಯ ಹೇಳುವುದಕ್ಕಿಂತ ಬೂಟು ಕೊಡಿಸುವುದು ಮೇಲು.

ನಿಮ್ಮ ಮಗಳು ಭಾರತ ತಂಡಕ್ಕೆ ಹೋಗುತ್ತಾಳೆ ಎಂದು ನಾನು ಮಾತು ಕೊಡುವುದಿಲ್ಲ. ಹೆಚ್ಚಿನವರು ಹೋಗುವುದಿಲ್ಲ. ಐಸ್‌ಲ್ಯಾಂಡಿನಲ್ಲಿ ಆಡುವ ಸಾವಿರಾರು ಹುಡುಗಿಯರಲ್ಲೂ ರಾಷ್ಟ್ರೀಯ ತಂಡ ಸೇರುವವರು ಬೆರಳೆಣಿಕೆ. ಉಳಿದವರು ದಾದಿಯರು, ಟೀಚರುಗಳು, ಮೀನಿನ ಕಾರ್ಖಾನೆಯವರು ಆಗುತ್ತಾರೆ, ಸಂಜೆ ಆಡುತ್ತಾರೆ. ರೈಲ್ವೆ, ಪೊಲೀಸ್ ಮುಂತಾದ ಕಡೆ ಕ್ರೀಡಾ ಕೋಟಾ ಇರುವುದು ನಿಜ. ಆ ಆಸೆಯೊಂದರಿಂದಲೇ ಕಳಿಸಬೇಡಿ. ಅವಳಿಗೆ ಇಷ್ಟ ಎಂಬುದೇ ಸಾಕಷ್ಟು ದೊಡ್ಡ ಕಾರಣ.

ಜೂನ್‌ನಲ್ಲಿ ಶಾಲೆಯಲ್ಲಿ ಮೊದಲ ಪೋಷಕರ ಸಭೆ ಕರೆಯುತ್ತಾರೆ. ಸಾಮಾನ್ಯವಾಗಿ ಅಮ್ಮಂದಿರು ಬಂದು ಹಿಂದಿನ ಬೆಂಚಿನಲ್ಲಿ ಕೂತು ಹೋಗುತ್ತಾರೆ. ಈ ಸಲ ಅಪ್ಪ ಅಮ್ಮ ಇಬ್ಬರೂ ಬನ್ನಿ. ಶಾಲಾಭಿವೃದ್ಧಿ ಸಮಿತಿಯವರು ‘ಇನ್ನೇನಾದರೂ ಇದೆಯೇ’ ಎಂದು ಕೇಳಿದಾಗ ಎದ್ದು ನಿಂತು ಈ ನಾಲ್ಕನ್ನು ಕೇಳಿ: ಹುಡುಗಿಯರ ಫುಟ್‌ಬಾಲ್ ತಂಡ ಈ ವರ್ಷ ಇರುತ್ತದೆಯೇ, ಅಭ್ಯಾಸ ಯಾವ ಹೊತ್ತಿಗೆ, ಮಳೆಯಲ್ಲಿ ಎಲ್ಲಿ, ಕಲಿಸುವವರು ಯಾರು. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದ್ದರೆ ಅದನ್ನು ತುಂಬಲು ಅರ್ಜಿ ಬರೆದು ಎಲ್ಲರೂ ಸಹಿ ಹಾಕಿ. ಶಿಕ್ಷಕರು ಇದ್ದು ಫುಟ್‌ಬಾಲ್ ಗೊತ್ತಿಲ್ಲದಿದ್ದರೆ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ‘ಡಿ’ ಲೈಸೆನ್ಸ್ ತರಬೇತಿಗೆ ಅವರನ್ನು ಕಳಿಸಲು ಸಮಿತಿಯನ್ನು ಕೇಳಿ. ಊರಿನಲ್ಲಿ ಆಡಿ ಬಲ್ಲ ಹೆಣ್ಣುಮಗಳು ಯಾರಾದರೂ ಇದ್ದರೆ ಅವಳನ್ನೇ ಕಳಿಸುವುದು ಇನ್ನೂ ಒಳ್ಳೆಯದು. ನಾನು ಆಟ ಕಲಿಸಲಾರೆ. ಆದರೆ ಮಾಸ್ತಿಕಟ್ಟೆಯಲ್ಲಿ ಅಭ್ಯಾಸ ನಡೆಯುವ ಸಂಜೆಗಳಲ್ಲಿ, ಕೊನೆಯ ಹುಡುಗಿಯನ್ನು ಮನೆಯವರು ಕರೆದುಕೊಂಡು ಹೋಗುವ ತನಕ, ಮೈದಾನದಲ್ಲಿ ಇರುವ ಹೊಣೆ ನನ್ನದು.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಮಾಸ್ತಿಕಟ್ಟೆ, ಹೊಸನಗರ ತಾಲ್ಲೂಕು